ಬತ್ತಿಯಿಲ್ಲದ ಬಂದೂಕು



ನಿವೃತ್ತನಾದ ಮೇಲೆ ಒಂದು ದಿನ ಮೊಮ್ಮಗನನ್ನು ಕರೆದುಕೊಂಡು ಬೀದರ ಕೋಟೆ ನೋಡಲು ಹೋಗಿದ್ದೆ. ಬುರುಜಿನ ಮೇಲೆ ಮಲಗಿರುವ ದೊಡ್ಡ ತೋಪನ್ನು ಮುಟ್ಟಿ ಮುಟ್ಟಿ ನೋಡಿದ ಹುಡುಗ ನನ್ನನ್ನು ಒಂದು ಪ್ರಶ್ನೆ ಕೇಳಿದ: “ಮುತ್ಯಾ, ಇದಕ್ಕ ಬೆಂಕಿ ಹ್ಯಾಂಗ ಹಚ್ತಿದ್ರು? ಆವಾಗ ಕಡ್ಡಿಪೆಟ್ಟಿಗಿ ಇತ್ತೇನು?”

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ನಾನು ಮೆಟ್ರಿಕ್ ಪಾಸಾಗಿ ಬ್ಯಾಂಕಿಗೆ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಅಷ್ಟು ವರ್ಷವೂ ಬಾಗಿಲ ಬಳಿ ಕಾವಲುಗಾರನೊಬ್ಬ ಎರಡು ನಳಿಗೆಯ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಒಳಗೆ ನಾನು ಲೆಡ್ಜರ್ ಹಿಡಿದು ಕೂತಿರುತ್ತಿದ್ದೆ. ಆ ಬಂದೂಕಿನೊಳಗೆ ಬೆಂಕಿ ಎಲ್ಲಿಂದ ಬರುತ್ತದೆ ಎಂದು ಒಂದು ದಿನವೂ ಯೋಚಿಸಿದವನಲ್ಲ. ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೆ ತಿಳಿದ ಸಂಗತಿಗಳನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಗೀರಿದರೆ ಹತ್ತುವ ಕಡ್ಡಿಯನ್ನು ಇಂಗ್ಲೆಂಡಿನ ಜಾನ್ ವಾಕರ್ ಎಂಬ ಔಷಧಿ ವ್ಯಾಪಾರಿ ಕಂಡುಹಿಡಿದದ್ದು 1826ರಲ್ಲಿ. ಬಂದೂಕು ಅದಕ್ಕಿಂತ ಬಹಳ ಹಿಂದಿನದು. ಹಾಗಾದರೆ ಅಷ್ಟು ಕಾಲ ಮದ್ದಿಗೆ ಬೆಂಕಿ ತಾಗಿಸಿದ್ದು ಹೇಗೆ? ಇದಕ್ಕೆ ಮೂರು ಉಪಾಯಗಳಿದ್ದವು. ಮೊದಲನೆಯದು ಬತ್ತಿ, ಎರಡನೆಯದು ಗಾಲಿ, ಮೂರನೆಯದು ಚಕಮಕಿ ಕಲ್ಲು. ಈ ಮೂರರಲ್ಲಿ ನಡುವಿನ ಗಾಲಿಯ ಬಂದೂಕು ಬಲು ಚೆಂದದ ಯಂತ್ರ, ಬಲು ತೊಡಕಿನ ಯಂತ್ರ. ಅದನ್ನು ಕೈಯಿಂದ ಮಾಡುವುದು ಎಷ್ಟು ಕಷ್ಟ, ಇಷ್ಟು ಜಾಣರಾದ ನಮ್ಮ ದಖ್ಖನಿನ ಕಮ್ಮಾರರು ಅದನ್ನು ಬಿಟ್ಟು ಬತ್ತಿಯನ್ನೇ ಯಾಕೆ ಹಿಡಿದುಕೊಂಡರು ಎಂಬುದೇ ಇಂದಿನ ಮಾತು.

ಮೊದಲು ಹೆಸರುಗಳನ್ನು ನೋಡೋಣ. ನಾವು ಎರಡು ಭಾಷೆಯ ಗಡಿಯಲ್ಲಿ ಬದುಕುವವರು. ತೆಲುಗಿನಲ್ಲಿ ತುಪಾಕಿ ಎನ್ನುತ್ತೇವೆ, ಕನ್ನಡದ ಹಳೆಯ ಬಳಕೆಯಲ್ಲೂ ತುಪಾಕಿ, ತುಬಾಕಿ ಎಂದೇ ಇದೆ. ಅದು ತುರ್ಕಿ ಮಾತಿನಿಂದ ಬಂದದ್ದು. ಬಂದೂಕು ಅರಬ್ಬಿ ಮಾತಿನಿಂದ ಬಂದದ್ದು. ಕೋವಿ ಎಂಬುದು ಮಾತ್ರ ಅಚ್ಚ ಕನ್ನಡ. ಕೋವಿ ಎಂದರೆ ಕೊಳವೆ. ಆಯುಧ ಯಾವ ಯಾವ ದಾರಿಯಿಂದ ನಮ್ಮ ಕಡೆಗೆ ಬಂತು ಎಂಬುದನ್ನು ಅದರ ಹೆಸರುಗಳೇ ಹೇಳುತ್ತವೆ.

ಬೀದರ ನಮಗೆ ಪರವೂರಲ್ಲ. ಸಿರ್ಗಾಪುರ ಇರುವ ನಾರಾಯಣಖೇಡ ತಾಲ್ಲೂಕು 1956ರ ನವೆಂಬರ್ 1ರ ತನಕ ಬೀದರ ಜಿಲ್ಲೆಯಲ್ಲೇ ಇತ್ತು. ಜಹೀರಾಬಾದಿನ ಬಹುಭಾಗವೂ ಹಾಗೆಯೇ. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗೆರೆ ಎಳೆದಾಗ ನಾವು ಈಚೆ ಬಂದೆವು, ಕೋಟೆ ಆಚೆ ಉಳಿಯಿತು. ಆದ್ದರಿಂದ ಬೀದರದ ಇತಿಹಾಸ ನಮ್ಮ ಹಳೆಯ ಜಿಲ್ಲಾ ಸ್ಥಳದ ಇತಿಹಾಸ.

ದಖ್ಖನಿನಲ್ಲಿ ಮದ್ದಿನ ಬಳಕೆ ಚೆನ್ನಾಗಿ ಬೇರೂರಿದ್ದು ಬಹಮನಿ ಸುಲ್ತಾನರ ಕಾಲದಲ್ಲಿ. 1472ರಲ್ಲಿ ಬೀದರದ ಮಂತ್ರಿ ಮಹಮೂದ್ ಗವಾನ್ ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಗೋಡೆಯಡಿ ಸುರಂಗ ತೋಡಿಸಿ ಮದ್ದು ತುಂಬಿ ಸಿಡಿಸಿದ ಎಂದು ಫೆರಿಷ್ಟಾ ಎಂಬ ಇತಿಹಾಸಕಾರ ಬರೆದಿದ್ದಾನೆ. ಬೀದರ ಕೋಟೆಯ ತೋಪುಗಳನ್ನು ಹತ್ತಿರದಿಂದ ನೋಡಿ. ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಕೊಳವೆಯಾಕಾರದಲ್ಲಿ ಜೋಡಿಸಿ, ಮೇಲೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸಿ ಬೆಸೆದಿದ್ದಾರೆ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಾ ತೊಡಿಸುವುದನ್ನು ನೀವು ನೋಡಿದ್ದೀರಿ. ಕಾಯಿಸಿದಾಗ ಪಟ್ಟಾ ಹಿಗ್ಗುತ್ತದೆ, ತಣಿದಾಗ ಬಿಗಿಯುತ್ತದೆ. ಅದೇ ವಿದ್ಯೆ ಇಲ್ಲಿ ತೋಪಾಗಿದೆ.

ಇಂಥ ತೋಪಿಗೂ ಕೈಬಂದೂಕಿಗೂ ಬೆಂಕಿ ಮುಟ್ಟಿಸುತ್ತಿದ್ದದ್ದು ಬತ್ತಿಯಿಂದ. ಹತ್ತಿಯ ಅಥವಾ ನಾರಿನ ಹುರಿಯನ್ನು ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದರೆ ಅದು ಉರಿಯುವುದಿಲ್ಲ, ಊದುಬತ್ತಿಯಂತೆ ಕೆಂಡವಾಗಿ ಮೆಲ್ಲಗೆ ಸುಡುತ್ತ ಹೋಗುತ್ತದೆ. ಇದಕ್ಕೆ ಜಾಮಗಿ ಎಂದು ಹೆಸರು. ಉತ್ತರದವರು ತೋಡಾ ಎನ್ನುತ್ತಾರೆ. ಬಂದೂಕಿನ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲು, ಅದರಲ್ಲಿ ಚಿಟಿಕೆ ನಯವಾದ ಮದ್ದು. ಅದಕ್ಕೆ ರಂಜಕ ಎನ್ನುತ್ತಾರೆ. ಬಟ್ಟಲಿನಿಂದ ನಳಿಗೆಯೊಳಕ್ಕೆ ಒಂದು ಸಣ್ಣ ತೂತು. ಕೆಳಗಿನ ಕುದುರೆಯನ್ನು, ಎಂದರೆ ಬೆರಳಿನಿಂದ ಎಳೆಯುವ ಕೀಲನ್ನು, ಎಳೆದರೆ ಮೇಲಿನ ಸನ್ನೆ ಬಾಗಿ ಕೆಂಡದ ತುದಿ ರಂಜಕಕ್ಕೆ ತಾಗುತ್ತದೆ. ರಂಜಕ ಭುಗ್ ಎನ್ನುತ್ತದೆ, ಒಳಗಿನ ಮದ್ದು ಸಿಡಿಯುತ್ತದೆ. ಇಷ್ಟೇ ಯಂತ್ರ.

ಸರಳವಾದದ್ದು ನಿಜ, ಆದರೆ ತೊಂದರೆಗಳೂ ಇದ್ದವು. ಮಳೆ ಬಂದರೆ ಬತ್ತಿ ಆರುತ್ತದೆ. ರಾತ್ರಿಯಲ್ಲಿ ಕೆಂಡ ದೂರಕ್ಕೆ ಕಾಣುತ್ತದೆ. ಕುದುರೆಯ ಮೇಲೆ ಕೂತವನಿಗೆ ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಬಂದೂಕು. ಬತ್ತಿಯನ್ನು ಯಾವ ಕೈಯಿಂದ ಸರಿಪಡಿಸುವುದು? ಎಲ್ಲಕ್ಕಿಂತ ದೊಡ್ಡ ಭಯವೆಂದರೆ ಮದ್ದಿನ ಚೀಲದ ಪಕ್ಕದಲ್ಲೇ ಸದಾ ಬೆಂಕಿ ಇಟ್ಟುಕೊಂಡು ಓಡಾಡಬೇಕು.

ಮದ್ದಿನ ಹತ್ತಿರ ಬೆಂಕಿ ಬಂದರೆ ಏನಾಗುತ್ತದೆ ಎಂಬುದಕ್ಕೆ ಬೀದರವೇ ಸಾಕ್ಷಿ. 1657ರ ಮಾರ್ಚಿಯಲ್ಲಿ ಔರಂಗಜೇಬ ಬೀದರಕ್ಕೆ ಮುತ್ತಿಗೆ ಹಾಕಿದ. ವಯಸ್ಸಾದ ಕೋಟೆಯ ಅಧಿಪತಿ ಸಿದ್ದಿ ಮರ್ಜಾನ್ ಸುಮಾರು ನಾಲ್ಕು ವಾರ ಕಾದಾಡಿದ. ಕೊನೆಯ ದಾಳಿಯ ದಿನ ಮೊಗಲರು ಎಸೆದ ಅಗ್ನಿಬಾಣದ ಕಿಡಿ ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿನ ಮೇಲೆ ಬಿತ್ತು. ಆ ಸಿಡಿತದಲ್ಲಿ ಸಿದ್ದಿ ಮರ್ಜಾನ್ ಸುಟ್ಟು ನೆಲಕ್ಕುರುಳಿದ. ಕೋಟೆಯ ಕೀಲಿಕೈಗಳನ್ನು ಒಪ್ಪಿಸಿ ಪ್ರಾಣ ಬಿಟ್ಟ. ಗೆದ್ದವರಿಗೆ ಒಳಗೆ ಸಿಕ್ಕ ತೋಪುಗಳ ಸಂಖ್ಯೆ 230. ಇಷ್ಟು ತೋಪುಗಳಿದ್ದ ಕೋಟೆ ಬಿದ್ದದ್ದು ಒಂದು ಕಿಡಿಯಿಂದ.

ಹೀಗಿರುವಾಗ, ಬೆಂಕಿ ಹೊತ್ತು ತಿರುಗದೆ ಬೇಕಾದಾಗ ಮಾತ್ರ ಕಿಡಿ ಹುಟ್ಟಿಸುವ ಬಂದೂಕು ಇದ್ದರೆ ಹೇಗೆ? ಈ ಯೋಚನೆ ಯುರೋಪಿನಲ್ಲಿ 1500ರ ಸುಮಾರಿಗೆ ಹುಟ್ಟಿತು. ಮೋನಾಲಿಸಾ ಚಿತ್ರ ಬರೆದ ಲಿಯೊನಾರ್ಡೊ ಡ ವಿಂಚಿಯ ಹಾಳೆಗಳಲ್ಲಿ ಇಂಥ ಗಾಲಿಯ ಯಂತ್ರದ ರೇಖಾಚಿತ್ರವಿದೆ. ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದಲ್ಲಿ 1505ರಲ್ಲಿ ಬರೆದ ಒಂದು ಹಸ್ತಪ್ರತಿಯಲ್ಲಿಯೂ ಗಾಲಿಯಿಂದ ಕಿಡಿ ಎಬ್ಬಿಸುವ ಸಾಧನದ ಚಿತ್ರವಿದೆ. ಮೊದಲು ಮಾಡಿದವರು ಯಾರೆಂದು ವಿದ್ವಾಂಸರು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ಇಂಗ್ಲಿಷಿನಲ್ಲಿ ಇದಕ್ಕೆ ವೀಲ್‌ಲಾಕ್ ಎನ್ನುತ್ತಾರೆ. ನಾವು ಗಾಲಿಬೀಗದ ಬಂದೂಕು ಎನ್ನೋಣ. ಬಂದೂಕಿನ ಕಿಡಿಯ ಯಂತ್ರಕ್ಕೆ ಅವರು ಲಾಕ್, ಎಂದರೆ ಬೀಗ, ಎಂದೇ ಹೆಸರಿಟ್ಟಿದ್ದಾರೆ. ತಿಜೋರಿಯ ಬೀಗದಂತೆಯೇ ಅದರೊಳಗೂ ಕೀಲು, ಸ್ಪ್ರಿಂಗು, ಚಿಲಕಗಳಿವೆ.

ಅದು ಕೆಲಸ ಮಾಡುವ ರೀತಿ ನಿಮಗೆ ಸುಲಭವಾಗಿ ತಿಳಿಯುತ್ತದೆ. ಬೀಡಿ ಹಚ್ಚುವ ಲೈಟರಿನಲ್ಲಿ ಒಂದು ಪುಟ್ಟ ಗರಗರಿ ಗಾಲಿ ಇದೆಯಲ್ಲ, ಹೆಬ್ಬೆರಳಿನಿಂದ ಅದನ್ನು ತಿರುಗಿಸಿದರೆ ಕಿಡಿ ಹಾರುತ್ತದೆ. ಗಾಲಿಬೀಗವೂ ಅದೇ ತತ್ವ. ಹಲ್ಲು ಕೊರೆದ ಉಕ್ಕಿನ ಗಾಲಿ. ಗಾಲಿಯ ಅಚ್ಚಿಗೆ ಎರಡು ಮೂರು ಕೊಂಡಿಯ ಪುಟ್ಟ ಸರಪಳಿ. ಸರಪಳಿಯ ಇನ್ನೊಂದು ತುದಿಗೆ ಬಲವಾದ ಸ್ಪ್ರಿಂಗು. ಗೋಡೆ ಗಡಿಯಾರಕ್ಕೆ ಚಾವಿ ಕೊಡುವಂತೆ ಚಾವಿಯಿಂದ ಗಾಲಿಯನ್ನು ಮುಕ್ಕಾಲು ಸುತ್ತು ತಿರುಗಿಸಿದರೆ ಸರಪಳಿ ಸುತ್ತಿಕೊಂಡು ಸ್ಪ್ರಿಂಗು ಬಿಗಿಯುತ್ತದೆ. ಒಂದು ಚಿಲಕ ಗಾಲಿಯನ್ನು ತಡೆದು ನಿಲ್ಲಿಸುತ್ತದೆ. ಮೇಲೆ ಒಂದು ಬಾಯಿಯ ಇಕ್ಕಳದಲ್ಲಿ ಪೈರೈಟ್ ಎಂಬ ಕಲ್ಲು. ಅದು ಕಬ್ಬಿಣವೂ ಗಂಧಕವೂ ಸೇರಿದ ಕಲ್ಲು. ನೋಡಲು ಚಿನ್ನದಂತೆ ಹೊಳೆಯುತ್ತದೆ. ಚಿನ್ನದ ಸಾಲದ ಕೌಂಟರಿಗೆ ಯಾರಾದರೂ ತಂದರೆ ಹೊಸ ಗುಮಾಸ್ತ ಮೋಸಹೋಗಬಹುದು! ಕುದುರೆ ಎಳೆದೊಡನೆ ಚಿಲಕ ಕಳಚುತ್ತದೆ, ಗಾಲಿ ಗಿರ್ರನೆ ತಿರುಗಿ ಕಲ್ಲನ್ನು ಉಜ್ಜುತ್ತದೆ, ಕಿಡಿಗಳು ರಂಜಕಕ್ಕೆ ಬೀಳುತ್ತವೆ. ಬತ್ತಿಯಿಲ್ಲ, ಕೆಂಡವಿಲ್ಲ, ಹೊಗೆಯಿಲ್ಲ.

ಬೆಂಕಿ ಕಾಣದ ಬಂದೂಕನ್ನು ಅಂಗಿಯೊಳಗೆ ಬಚ್ಚಿಟ್ಟುಕೊಳ್ಳಬಹುದಲ್ಲ? ಆ ಭಯದಿಂದಲೇ ಮ್ಯಾಕ್ಸಿಮಿಲಿಯನ್ ಚಕ್ರವರ್ತಿ 1517ರಲ್ಲಿ ತಾನಾಗಿ ಕಿಡಿ ಹುಟ್ಟಿಸುವ ಬಂದೂಕುಗಳನ್ನು ನಿಷೇಧಿಸಿದ. ನಿಷೇಧ ನಿಲ್ಲಲಿಲ್ಲ. ಕುದುರೆ ಸವಾರರೂ ಶ್ರೀಮಂತ ಬೇಟೆಗಾರರೂ ಅದನ್ನು ಬೆಲೆಕೊಟ್ಟು ಕೊಂಡರು. ಆಸ್ಟ್ರಿಯದ ಗ್ರಾಜ್ ಪಟ್ಟಣದ ಹಳೆಯ ಆಯುಧಶಾಲೆಯಲ್ಲಿ ಸುಮಾರು 32,000 ವಸ್ತುಗಳಿವೆ. ಗಾಲಿಬೀಗದ ಬಂದೂಕುಗಳು ಅಲ್ಲಿ ಸಾಲಾಗಿ ನಿಂತಿರುವುದನ್ನು ಇಂದಿಗೂ ನೋಡಬಹುದು.

ಯುರೋಪ್ ಅಮೆರಿಕಗಳಲ್ಲಿ ಕೆಲವು ಹವ್ಯಾಸಿಗಳು ಈಗಲೂ ಅರ, ಗರಗಸ, ಸುತ್ತಿಗೆ ಹಿಡಿದು ಈ ಬೀಗದ ನಕಲನ್ನು ಕೈಯಿಂದ ಮಾಡುತ್ತಾರೆ. ಬತ್ತಿಯ ಬಂದೂಕಿನ ಬೀಗಕ್ಕೆ ಬೇಕಾದದ್ದು ಬೆರಳೆಣಿಕೆಯ ಭಾಗಗಳು. ಗಾಲಿಬೀಗಕ್ಕೆ ಮೂವತ್ತಕ್ಕೂ ಹೆಚ್ಚು. ಹೊರಗಿನ ತಗಡು, ಬಟ್ಟಲು, ಮರದ ಕುಂದಾ ಇವೆಲ್ಲ ತಾಳ್ಮೆಯಿದ್ದರೆ ಆಗುತ್ತವೆ. ಕೆಲಸ ನಿಲ್ಲುವುದು ಒಳಗೆ, ಸ್ಪ್ರಿಂಗಿನ ಹತ್ತಿರ. ಬಿರುಸಾದರೆ ಮುರಿಯುತ್ತದೆ, ಮೆತ್ತಗಾದರೆ ಬಾಗಿ ಹಾಗೆಯೇ ಉಳಿಯುತ್ತದೆ. ಸರಪಳಿಯ ಕೊಂಡಿ ಕೂದಲೆಳೆಯಷ್ಟು ಸಡಿಲವಾದರೂ ಗಾಲಿ ಪೂರ್ತಿ ತಿರುಗುವುದಿಲ್ಲ, ಕಿಡಿ ಬರುವುದಿಲ್ಲ. ಹಳೆಯ ಬಂದೂಕನ್ನೇ ಬಿಚ್ಚಿ ಮುಂದಿಟ್ಟುಕೊಂಡರೂ ಅಳತೆ ಸಿಗುತ್ತದೆಯೇ ಹೊರತು ಹದ ಸಿಗುವುದಿಲ್ಲ.

ಈ ಸ್ಪ್ರಿಂಗಿನ ವಿಷಯ ಓದಿದಾಗ ನನಗೆ ನಮ್ಮ ಕಡೆಯ ಒಬ್ಬ ಕಮ್ಮಾರ ತಾತ ನೆನಪಾದ. 1980ರ ದಶಕದ ಮಾತು. ನಮ್ಮ ಶಾಖೆ ಒಂದು ಹಳೆಯ ಬಾಡಿಗೆ ಮನೆಯಲ್ಲಿತ್ತು. ದಾಖಲೆ ಕೋಣೆಯ ಬಾಗಿಲಿನ ಹಳೆಯ ಬೀಗದ ಸ್ಪ್ರಿಂಗು ಮುರಿಯಿತು. ಅಂಗಡಿಯಲ್ಲಿ ಅಂಥದ್ದು ಸಿಗಲಿಲ್ಲ. ಬೀಗ ಬಿಚ್ಚಿಕೊಂಡು ಕುಲುಮೆಗೆ ಹೋದೆ. ತಾತ ಲಾರಿಯ ಕಮಾನು ಪಟ್ಟಿಯ ಒಂದು ತುಂಡು ತೆಗೆದು ಕಾಯಿಸಿ, ಬಡಿದು, ಅರದಿಂದ ಉಜ್ಜಿ, ಬಾಗಿಸಿದ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ. ಒತ್ತಿ ನೋಡಿದರೆ ಟಣ್ ಎಂದು ಮುರಿಯಿತು. “ಭಾಳ ಬಿರುಸಾಯ್ತು” ಎಂದ. ಮತ್ತೊಂದು ಮಾಡಿದ. ಅದು ಒತ್ತಿದರೆ ಬಾಗಿತು, ಮೇಲೇಳಲಿಲ್ಲ. “ಭಾಳ ಮೆತ್ತಗಾಯ್ತು. ನಡುವಿಂದು ಸಿಗಬೇಕ್ರಿ ಸಾರ್” ಎಂದ. ಮೂರನೆಯದನ್ನು ಎಣ್ಣೆಯಿಂದ ತೆಗೆದು ಉಜ್ಜಿ ಬೆಳ್ಳಗೆ ಮಾಡಿ, ಕೆಂಡದ ಮೇಲೆ ಹಿಡಿದು, ರೆಪ್ಪೆ ಬಡಿಯದೆ ನೋಡುತ್ತ ಕೂತ. ಕಬ್ಬಿಣದ ಮೇಲೆ ಮೊದಲು ಹುಲ್ಲಿನ ಹಳದಿ ಬಂತು, ಆಮೇಲೆ ಕಂದು, ಆಮೇಲೆ ನೇರಳೆ, ಆಮೇಲೆ ನವಿಲ ಕುತ್ತಿಗೆಯ ನೀಲಿ. ನೀಲಿ ಬಂದ ಕ್ಷಣಕ್ಕೆ ತೆಗೆದ. ಆ ಸ್ಪ್ರಿಂಗು ನಾನು ಆ ಶಾಖೆ ಬಿಡುವ ತನಕ ಮುರಿಯಲಿಲ್ಲ.

ತಾತ ಕೂಲಿ ಕೇಳಲಿಲ್ಲ. ಬೇರೊಂದು ವಿಷಯ ಕೇಳಿದ. ಅದನ್ನು ಕೊನೆಗೆ ಹೇಳುತ್ತೇನೆ.

ಇಂಥ ಕೈಗಳು ನಮ್ಮ ದಖ್ಖನಿನಲ್ಲಿ ಹಿಂದಿನಿಂದಲೂ ಇದ್ದವು. ಕುಲುಮೆಗೆ ತೆಲುಗಿನಲ್ಲಿ ಕೊಲಿಮಿ, ಸುತ್ತಿಗೆಗೆ ಸುತ್ತಿ, ಉಕ್ಕಿಗೆ ಎರಡರಲ್ಲೂ ಉಕ್ಕೇ. ಪರದೇಶದವರು ನಮ್ಮ ಉಕ್ಕನ್ನು ವೂಟ್ಜ್ ಎಂದು ಕರೆದರು. ಅದು ಉಕ್ಕು ಎಂಬ ಮಾತೇ ತಿರುಚಿಕೊಂಡದ್ದು ಎಂದು ಹಲವು ವಿದ್ವಾಂಸರ ಅಭಿಪ್ರಾಯ. ನಿಜಾಮಾಬಾದ್ ಕಡೆಯ ಕೋನಸಮುದ್ರಂ ಎಂಬ ಊರಿನಲ್ಲಿ ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕನ್ನು ಕೊಳ್ಳಲು ಪರ್ಷಿಯದ ವ್ಯಾಪಾರಿಗಳು ಬರುತ್ತಿದ್ದರು. ನಮ್ಮವರಿಗೆ ಕಬ್ಬಿಣದ ಬಡತನ ಇರಲಿಲ್ಲ.

ಬಂದೂಕಿನ ವಿದ್ಯೆಯೂ ಬೇಗನೆ ಕೈಗೆ ಹತ್ತಿತು. 1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲಶಾಹಿಗಳಿಂದ ಗೋವಾ ಕಿತ್ತುಕೊಂಡರು. ಮೂರೇ ವರ್ಷದಲ್ಲಿ, 1513ರಲ್ಲಿ, ಅವರ ಗವರ್ನರ್ ಅಲ್ಬುಕರ್ಕ್ ತನ್ನ ದೊರೆಗೆ ಪತ್ರ ಬರೆದ. ಗೋವಾದ ಕಮ್ಮಾರರು ಮಾಡುವ ಬಂದೂಕು ಬೊಹೀಮಿಯದ ಬಂದೂಕಿನಷ್ಟೇ ಒಳ್ಳೆಯದೆಂದು ತಿಳಿಸಿ, ಅವರಲ್ಲೊಬ್ಬ ಕುಶಲಿಯನ್ನೂ ಮಾಡಿದ ಮಾದರಿಗಳನ್ನೂ ಪೋರ್ಚುಗಲ್ಲಿಗೆ ಕಳುಹಿಸುವ ಮಾತು ಅದರಲ್ಲಿದೆ. ನಿನ್ನೆಯ ತನಕ ಆದಿಲಶಾಹಿಯ ಪ್ರಜೆಗಳಾಗಿದ್ದ ಕಮ್ಮಾರರು ಇವರು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಕೋಟೆ ಮುತ್ತಿದಾಗ ಕೆಲವೇ ಮಂದಿ ಪೋರ್ಚುಗೀಸ್ ಬಂದೂಕುಗಾರರು ಗೋಡೆಯ ಮೇಲಿನವರನ್ನು ಗುರಿಯಿಟ್ಟು ಹೊಡೆದು ಆಟವನ್ನೇ ಬದಲಿಸಿದರು. ಅವರ ಕೈಯಲ್ಲಿದ್ದದ್ದೂ ಬತ್ತಿಯ ಬಂದೂಕೇ.

ನಕಲು ಮಾಡುವಾಗ ಒಂದು ಚಿಕ್ಕ ಭಾಗ ಹೇಗೆ ತಡೆದು ನಿಲ್ಲಿಸುತ್ತದೆ ಎಂಬುದಕ್ಕೆ ಜಪಾನಿನ ಕಥೆ ಕೇಳಿ. 1543ರಲ್ಲಿ ತಾನೆಗಶಿಮ ಎಂಬ ದ್ವೀಪಕ್ಕೆ ಪೋರ್ಚುಗೀಸರು ಬಂದಿಳಿದರು. ದ್ವೀಪದ ಯುವ ಒಡೆಯ ಅವರಿಂದ ಎರಡು ಬಂದೂಕು ಕೊಂಡು, ಇಂಥದ್ದೇ ಮಾಡು ಎಂದು ತನ್ನ ಕಮ್ಮಾರನಿಗೆ ಅಪ್ಪಣೆ ಮಾಡಿದ. ಕತ್ತಿ ಮಾಡುವುದರಲ್ಲಿ ಜಪಾನೀಯರು ಜಗತ್ಪ್ರಸಿದ್ಧರು. ನಳಿಗೆ ಆಯಿತು, ರೂಪ ಆಯಿತು. ಆದರೆ ನಳಿಗೆಯ ಹಿಂದಿನ ತುದಿಯನ್ನು ಮುಚ್ಚುವುದು ಹೇಗೆಂದು ತಿಳಿಯಲಿಲ್ಲ. ಅಲ್ಲಿ ಒಂದು ತಿರುಪು ಇತ್ತು. ಮರುವರ್ಷ ಪರದೇಶಿ ಕಮ್ಮಾರನೊಬ್ಬ ಹಡಗಿನಲ್ಲಿ ಬಂದು ತೋರಿಸಿಕೊಟ್ಟ ಮೇಲೆಯೇ ಕೆಲಸ ಮುಗಿಯಿತು ಎಂದು 1606ರ ಜಪಾನೀ ದಾಖಲೆ ಹೇಳುತ್ತದೆ. ಬಂದೂಕು ಕಣ್ಣೆದುರಿಗೇ ಇದ್ದರೂ ಆ ತಿರುಪಿನ ವಿದ್ಯೆ ಮನುಷ್ಯನಿಂದ ಮನುಷ್ಯನಿಗೆ ಬರಬೇಕಾಯಿತು. ಆ ಬಂದೂಕುಗಳ ಬೀಗ ಗೋವಾ ಮಾದರಿಯದಕ್ಕೆ ಹತ್ತಿರವಾದದ್ದೆಂದು ತಜ್ಞರು ಹೇಳುತ್ತಾರೆ.

ಈಗ ಗಾಲಿಬೀಗಕ್ಕೆ ಮರಳೋಣ. ಅದು ಭಾರತಕ್ಕೆ ಬಂತೇ? ಇದಕ್ಕೆ ಸಿಗುವ ಸುಳಿವು ನಮ್ಮ ಬಿಜಾಪುರದ ದಾರಿಯಲ್ಲೇ ಇದೆ. ಒಂದನೇ ಅಲಿ ಆದಿಲಶಾಹ ಪರ್ಷಿಯದ ಶಿರಾಜ್‌ನಿಂದ ಫತ್ಹುಲ್ಲಾ ಶಿರಾಜಿ ಎಂಬ ಪಂಡಿತನನ್ನು ಬಿಜಾಪುರಕ್ಕೆ ಕರೆಸಿಕೊಂಡಿದ್ದ. ಗಣಿತ, ಜ್ಯೋತಿಷ, ಯಂತ್ರವಿದ್ಯೆ ಎಲ್ಲವನ್ನೂ ಬಲ್ಲವನು. 1580ರಲ್ಲಿ ಸುಲ್ತಾನ ತೀರಿಕೊಂಡ. ಕೆಲವು ವರ್ಷದಲ್ಲಿ, 1583ರ ಸುಮಾರಿಗೆ, ಶಿರಾಜಿ ಅಕ್ಬರನ ಆಸ್ಥಾನಕ್ಕೆ ಹೋದ. 1589ರಲ್ಲಿ ಕಾಶ್ಮೀರದಲ್ಲಿ ತೀರಿಕೊಂಡ.

ಅಕ್ಬರನ ಮಂತ್ರಿ ಅಬುಲ್ ಫಜಲ್ ಬರೆದ ಐನ್-ಇ-ಅಕ್ಬರಿಯಲ್ಲಿ ಬಂದೂಕಿನ ಕಾರ್ಖಾನೆಯ ವಿವರವಿದೆ. ಕಬ್ಬಿಣದ ಪಟ್ಟಿಯನ್ನು ಓರೆಯಾಗಿ ಸುತ್ತಿ, ಅಂಚಿನ ಮೇಲೆ ಅಂಚು ಕೂರಿಸಿ, ಕಾಯಿಸಿ ಬೆಸೆದು ನಳಿಗೆ ಮಾಡುತ್ತಿದ್ದರು. ಗಾಣದಂತೆ ಎತ್ತು ತಿರುಗಿಸುವ ಚಕ್ರದಿಂದ ಒಂದೇ ಸಲಕ್ಕೆ 16 ನಳಿಗೆಗಳ ಒಳಗನ್ನು ಶುದ್ಧಮಾಡುವ ಯಂತ್ರವೂ ಇತ್ತು. ಗ್ರಂಥ ಇದರ ಕೀರ್ತಿಯನ್ನು ಅಕ್ಬರನಿಗೇ ಕೊಡುತ್ತದೆ. ಇಂಥ ಯಂತ್ರಗಳ ಹಿಂದೆ ಶಿರಾಜಿಯ ಬುದ್ಧಿ ಇತ್ತೆಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಗುಮಾಸ್ತನಾದ ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. ಪ್ರತಿ ಬಂದೂಕಿನ ಮೇಲೆ ಕಚ್ಚಾ ಕಬ್ಬಿಣದ ತೂಕ, ತಯಾರಾದ ಕಬ್ಬಿಣದ ತೂಕ, ಕಬ್ಬಿಣ ತಂದ ಊರು, ಮಾಡಿದ ಕೆಲಸಗಾರ, ಮಾಡಿದ ಸ್ಥಳ, ತಾರೀಖು, ಕ್ರಮಸಂಖ್ಯೆ ಇಷ್ಟನ್ನೂ ಕೆತ್ತುತ್ತಿದ್ದರು. ಲೆಡ್ಜರಿನಂತೆ ಒಂದು ಕಲಮೂ ಖಾಲಿ ಬಿಡುತ್ತಿರಲಿಲ್ಲ. ಕೆಲಸಗಾರನ ಹೆಸರಿಗೂ ಅಲ್ಲಿ ಜಾಗ ಇತ್ತು ಎಂಬುದನ್ನು ಗಮನಿಸಿ.

ಅದೇ ಪ್ರಕರಣದಲ್ಲಿ, ಬತ್ತಿಯಿಲ್ಲದೆ, ಬರೀ ಕುದುರೆಯನ್ನು ತುಸು ಅಲುಗಿಸಿದರೆ ಹಾರುವ ಬಂದೂಕನ್ನೂ ಮಾಡಿದ್ದಾರೆ ಎಂದು ಅಬುಲ್ ಫಜಲ್ ಹೇಳುತ್ತಾನೆ. ಚಕಮಕಿ ಬಂದೂಕು ಅದರ ಪೂರ್ಣ ರೂಪದಲ್ಲಿ ಆಗಿನ್ನೂ ಬಂದಿರಲಿಲ್ಲ. ಆದ್ದರಿಂದ ಇದು ಗಾಲಿಬೀಗವೇ ಇರಬೇಕೆಂದು ಇರ್ಫಾನ್ ಹಬೀಬರಂಥ ಇತಿಹಾಸಕಾರರು ಊಹಿಸಿದ್ದಾರೆ. ಹಾಗಿದ್ದರೆ, ಯುರೋಪಿನ ಅತಿ ತೊಡಕಿನ ಯಂತ್ರವನ್ನು ನಮ್ಮ ದೇಶದ ಕೈಗಳು ಆ ಕಾಲದಲ್ಲೇ ಮಾಡಿದವು ಎಂದಾಯಿತು.

ಆದರೆ ಅದು ಹರಡಲಿಲ್ಲ. ಮೊಗಲರಾಗಲಿ, ಬಿಜಾಪುರ ಗೋಲ್ಕೊಂಡದವರಾಗಲಿ, ಮರಾಠರಾಗಲಿ ಮುಂದೆಯೂ ಬಹುಕಾಲ ಬತ್ತಿಯ ಬಂದೂಕನ್ನೇ ಹೊತ್ತರು. ಇದನ್ನು ಓದಿ ಕೆಲವರು ನಮ್ಮವರು ಹಿಂದುಳಿದವರು ಎಂದುಬಿಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಯುರೋಪಿನ ಕಾಲಾಳುಗಳೂ ಹದಿನೇಳನೆಯ ಶತಮಾನದ ಕೊನೆಯ ತನಕ ಬತ್ತಿಯ ಬಂದೂಕನ್ನೇ ಹಿಡಿದಿದ್ದರು. ಗಾಲಿಬೀಗ ಅಲ್ಲಿಯೂ ಸವಾರರದು, ಸಿರಿವಂತರದು. ಕಾರಣ ಬೆಲೆಯೊಂದೇ ಅಲ್ಲ. ಗಾಲಿಯ ಸುತ್ತ ಮದ್ದಿನ ಮಸಿ ಕಟ್ಟಿದರೆ ಯಂತ್ರ ಸಿಕ್ಕಿಕೊಳ್ಳುತ್ತದೆ. ಪೈರೈಟ್ ಕಲ್ಲು ಪುಡಿಯಾಗುತ್ತದೆ. ಚಾವಿ ಕಳೆದರೆ ಬಂದೂಕು ಬರೀ ಬಡಿಗೆ. ಸ್ಪ್ರಿಂಗು ಮುರಿದರೆ ಗಡಿಯಾರದ ಕೆಲಸ ಬಲ್ಲವನನ್ನು ಹುಡುಕಿಕೊಂಡು ಪಟ್ಟಣಕ್ಕೆ ಹೋಗಬೇಕು. ಬತ್ತಿಯ ಬಂದೂಕು ಕೆಟ್ಟರೆ ದಂಡು ಇಳಿದ ಊರಿನ ಕಮ್ಮಾರನೇ ಸಂಜೆಯೊಳಗೆ ಸರಿಮಾಡಿ ಕೊಡುತ್ತಾನೆ. ಊರ ಕುಲುಮೆಯಲ್ಲಿ ರಿಪೇರಿಯಾಗದ ಯಂತ್ರ ಊರಿನದಾಗುವುದಿಲ್ಲ. ನಮ್ಮವರು ಬತ್ತಿಯನ್ನು ಹಿಡಿದದ್ದರಲ್ಲಿ ಈ ಲೆಕ್ಕಾಚಾರ ಇತ್ತೆಂದು ನಾನು ತಿಳಿದಿದ್ದೇನೆ.

ಇದಕ್ಕೆ ಪುಷ್ಟಿಯಾಗಿ ಮೂರನೆಯ ಉಪಾಯದ ಕಥೆ ಇದೆ. 1610ರ ಸುಮಾರಿಗೆ ಫ್ರಾನ್ಸಿನಲ್ಲಿ ಚಕಮಕಿ ಬೀಗ ರೂಪುಗೊಂಡಿತು. ಸರಪಳಿಯಿಲ್ಲ, ಚಾವಿಯಿಲ್ಲ. ನಮ್ಮ ಕುರಿಗಾಹಿಗಳು ಚಕಮಕಿ ಕಲ್ಲನ್ನು ಉಕ್ಕಿಗೆ ಬಡಿದು ಅರಳೆಗೆ ಕಿಡಿ ಹಿಡಿಸುತ್ತಿದ್ದಂತೆ, ಇಲ್ಲಿ ಕಲ್ಲು ಉಕ್ಕಿನ ತಗಡಿಗೆ ಬಡಿಯುತ್ತದೆ. ಕುಲುಮೆಗೆ ಎಟಕುವ ಈ ಯಂತ್ರವನ್ನು ನಮ್ಮವರು ಬಿಡಲಿಲ್ಲ. ಮೈಸೂರಿನ ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದಲ್ಲೂ ಮಲೆನಾಡಿನ ನಗರದಲ್ಲೂ ಯುರೋಪಿನ ಮಾದರಿಯ ಚಕಮಕಿ ಬಂದೂಕುಗಳನ್ನು ಮಾಡಿಸಿದ. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯನ್ನು ಕಂಡು ಕೇಳಿದ್ದು ಸೈನ್ಯವನ್ನು ಮಾತ್ರವಲ್ಲ, ಕುಶಲಕರ್ಮಿಗಳನ್ನೂ ಕೇಳಿದರು; ಕೆಲವರು ಬಂದರು. ಕಲಿಸುವ ಮನುಷ್ಯ ಬರಬೇಕು ಎಂಬುದನ್ನು ಟಿಪ್ಪು ಬಲ್ಲವನಾಗಿದ್ದ. ಹುಲಿಯ ಪಟ್ಟೆ, ತಾರೀಖು, ಸ್ಥಳ ಕೆತ್ತಿದ ಆ ಬಂದೂಕುಗಳು 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಹೋದವು. ಅದೇ ನಗರದ ಒಂದು ಹಾಳುಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ಅಗ್ನಿಬಾಣಗಳು ಸಿಕ್ಕಿದವು. ಇವೂ ಊರ ಕುಲುಮೆಗಳ ಕೆಲಸವೇ.

ಬಾಂಧವರೇ, ಈಗ ಕಮ್ಮಾರ ತಾತನ ಮಾತು. ಅಂದು ಅವನು ಕೂಲಿಯ ಬದಲು ಸಾಲ ಕೇಳಿದ. ಐಆರ್‌ಡಿಪಿ ಸಾಲಗಳ ಕಾಲ ಅದು. ಗಾಳಿ ಊದುವ ಕರೆಂಟಿನ ಯಂತ್ರ ಒಂದು, ತೂತು ಕೊರೆಯುವ ಯಂತ್ರ ಒಂದು. ಮಗನನ್ನು ಕುಲುಮೆಯಲ್ಲೇ ಉಳಿಸಿಕೊಳ್ಳಬೇಕೆಂಬ ಆಸೆ. ಅರ್ಜಿ ಇಂಗ್ಲಿಷಿನಲ್ಲಿತ್ತು. ತುಂಬಿಕೊಡುವುದು ನನ್ನ ಅರ್ಧ ಗಂಟೆಯ ಕೆಲಸ. ವರ್ಷಾಂತ್ಯದ ಲೆಕ್ಕ ನಡೆದಿತ್ತು. “ನಾಳೆ ಬಾ ತಾತಾ” ಎಂದೆ. ಬಂದ. “ಸೋಮವಾರ ಬಾ” ಎಂದೆ. ಬಂದ. ಮೂರನೆಯ ಸಲ ಜಾಮೀನುದಾರ ಎಲ್ಲಿ ಎಂದೆ. ನಾಲ್ಕನೆಯ ಸಲ ಅವನು ಬರಲಿಲ್ಲ, ನಾನೂ ಕೇಳಲಿಲ್ಲ. ತಪ್ಪು ಬ್ಯಾಂಕಿನದಲ್ಲ, ನನ್ನದು. ಮಗ ಪಟ್ಟಣದ ಕಾರ್ಖಾನೆಗೆ ಹೋದ. ತಾತ ತೀರಿಕೊಂಡ. ಬೀದರದಿಂದ ಬಂದ ಮೇಲೆ ಮೊಮ್ಮಗನಿಗೆ ಹದ ಹಾಕುವುದನ್ನು ತೋರಿಸೋಣವೆಂದು ಆ ಕುಲುಮೆಗೆ ಹೋದರೆ ಅಲ್ಲಿ ಅಡಿಗಲ್ಲು ನಿಲ್ಲಿಸಿದ್ದ ಗುಣಿ ಮಾತ್ರ ಇತ್ತು. ತಾತ ಆ ನೀಲಿಯನ್ನು ಯಾವ ಬೆಳಕಿನಲ್ಲಿ ನೋಡುತ್ತಿದ್ದ, ಎಷ್ಟು ಎಣಿಕೆಗೆ ತೆಗೆಯುತ್ತಿದ್ದ, ನಾನು ಪಕ್ಕದಲ್ಲೇ ಕೂತಿದ್ದೂ ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ಅಕ್ಬರನ ಬಂದೂಕಿನ ಮೇಲೆ ಕೆಲಸಗಾರನ ಹೆಸರಿಗೆ ಜಾಗವಿತ್ತು. ನನ್ನ ಲೆಡ್ಜರಿನಲ್ಲಿ ತಾತನ ಹೆಸರು ಬರಲೇ ಇಲ್ಲ.

ಒಂದು ಎಚ್ಚರಿಕೆ. ಇದನ್ನು ಕೇಳಿ ಯಾರೂ ಬಂದೂಕು ಮಾಡಲು ಹೋಗಬೇಡಿ. ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ದೊಡ್ಡ ಅಪರಾಧ, ಪ್ರಾಣಕ್ಕೂ ಅಪಾಯ. ನಳಿಗೆಯೂ ಬೇಡ, ಮದ್ದೂ ಬೇಡ. ಗಾಲಿಬೀಗವನ್ನು ಮರದಲ್ಲಿ, ರಬ್ಬರು ಪಟ್ಟಿ ಹಾಕಿ, ಶಾಲೆಯ ಮಕ್ಕಳು ಆಟದ ಮಾದರಿಯಾಗಿ ಮಾಡಬಹುದು. ನಾನು ಮೊಮ್ಮಗನೊಂದಿಗೆ ಒಂದನ್ನು ಮಾಡಿದ್ದೇನೆ. ಗಾಲಿ ಮುಕ್ಕಾಲು ಸುತ್ತು ತಿರುಗಬೇಕು. ನಮ್ಮದು ಅರ್ಧಕ್ಕೇ ನಿಲ್ಲುತ್ತದೆ. ಇನ್ನೂ ಕೆಲಸ ನಡೆದಿದೆ.

ನಿಮ್ಮೂರಿನಲ್ಲಿ ಒಂದು ಕುಲುಮೆಯಾದರೂ ಇನ್ನೂ ಉರಿಯುತ್ತಿದ್ದರೆ, ಕುಡಗೋಲು ಹಣಿಸಲು ಹೋದಾಗ ಸ್ವಲ್ಪ ಹೊತ್ತು ಅಲ್ಲೇ ಕೂತುಕೊಳ್ಳಿ. ಅವರು ಮಾಡುವುದನ್ನು ನೋಡಿ, ಕೇಳಿ, ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಬರೆದಿಡಿ. ಮನೆಯ ಹುಡುಗರನ್ನೂ ಜೊತೆಗೆ ಕರೆದೊಯ್ಯಿರಿ. ಯಾರಾದರೂ ಕಾಗದ ತುಂಬಿಕೊಡಿ ಎಂದು ಬಂದರೆ ಅಂದೇ ತುಂಬಿಕೊಡಿ.